ಸ್ವಾದಕ್ಕಿಂತ ಹದ ಮುಖ್ಯ ಎನ್ನುವವರಿಗೆ ಮನೆಯ ಐಸ್‌ಕ್ರೀಂ ಯಂತ್ರ

ಐಸ್‌ಕ್ರೀಂ ವಿಷಯದಲ್ಲಿ ನನಗೆ ಹದವೇ ಮೊದಲು, ಸ್ವಾದ ಆಮೇಲೆ. ಚಮಚ ತುಸು ತಡೆದು ಒಳಗಿಳಿಯಬೇಕು, ಬಾಯಲ್ಲಿಟ್ಟರೆ ಹರಳು ಸಿಗದೆ ಕರಗಬೇಕು, ಕರಗಿದ ಮೇಲೆ ಹಾಲಿನ ರುಚಿ ಉಳಿಯಬೇಕೇ ಹೊರತು ಅಂಗುಳಿಗೆ ಜಿಡ್ಡು ಹತ್ತಬಾರದು. ಕೊಂಡು ತಂದ ಡಬ್ಬಿಗಳಲ್ಲಿ ಇವೆಲ್ಲ ಒಟ್ಟಿಗೆ ಸಿಗುವುದು ಅಪರೂಪವಾದ್ದರಿಂದ, ಎರಡು ವರ್ಷಗಳ ಹಿಂದೆ ಮನೆಯಲ್ಲೇ ಐಸ್‌ಕ್ರೀಂ ಕಡೆಯುವ ಸಣ್ಣ ಯಂತ್ರವೊಂದನ್ನು ಕೊಂಡೆ. ಬಟ್ಟಲನ್ನು ಮೊದಲೇ ಫ್ರೀಜರಿನಲ್ಲಿಟ್ಟು ತಣಿಸಿಕೊಳ್ಳಬೇಕಾದ, ಒಂದೂವರೆ ಲೀಟರ್ ಅಳತೆಯ ಮಾದರಿ ಅದು. ಇಂಥ ಯಂತ್ರಗಳನ್ನು ಹಲವು ಕಂಪನಿಗಳು ತಯಾರಿಸುತ್ತವೆ. ಕೆಲಸದ ಕ್ರಮ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ನನ್ನ ಅನುಭವ ಆ ಬಗೆಯ ಯಾವುದೇ ಯಂತ್ರವನ್ನು ಕೊಳ್ಳುವವರಿಗೂ ಉಪಯೋಗಕ್ಕೆ ಬರಬಹುದು.

ಬಟ್ಟಲಿನ ಗೋಡೆ ಎರಡು ಪದರದ್ದು. ನಡುವೆ ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವ ದ್ರವ ತುಂಬಿರುತ್ತದೆ. ಯಂತ್ರ ಚಾಲೂ ಮಾಡಿದಾಗ ಬಟ್ಟಲು ತಿರುಗುತ್ತದೆ, ನಡುವಿನ ಅಲಗು ನಿಂತಲ್ಲೇ ನಿಂತಿರುತ್ತದೆ. ಗೋಡೆಗೆ ತಾಗಿ ಹೆಪ್ಪುಗಟ್ಟುವ ತೆಳು ಪದರವನ್ನು ಅಲಗು ಕೆರೆದು ಮಿಶ್ರಣಕ್ಕೆ ಸೇರಿಸುತ್ತ ಹೋಗುತ್ತದೆ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಪೇಟೆಂಟ್ ಪಡೆದ ಕೈತಿರುವಿನ ಯಂತ್ರದಲ್ಲಿಯೂ ಇದೇ ತತ್ವವಿತ್ತು. ಅಲ್ಲಿ ತಂಪು ಕೊಡುತ್ತಿದ್ದುದು ಹೊರಗಿನ ಮಂಜುಗಡ್ಡೆ ಮತ್ತು ಉಪ್ಪು. ಕೆರೆಯುವ ಕೆಲಸ ಎಷ್ಟು ಚುರುಕಾಗಿ ನಡೆಯುತ್ತದೆಯೋ ಮಂಜಿನ ಹರಳುಗಳು ಅಷ್ಟು ಸಣ್ಣದಾಗಿ ಉಳಿಯುತ್ತವೆ. ಹರಳಿನ ಗಾತ್ರ ಸುಮಾರು 50 ಮೈಕ್ರೊಮೀಟರ್ ದಾಟಿದರೆ ನಾಲಿಗೆಗೆ ಅದು ಮರಳಿನಂತೆ ತಿಳಿಯತೊಡಗುತ್ತದೆ.

ಮೊದಲ ಸಲ ನಾನು ಸೋತದ್ದು ಅವಸರದಿಂದ. ಬಟ್ಟಲನ್ನು ಹತ್ತು ಗಂಟೆ ಮಾತ್ರ ತಣಿಸಿ, ಇನ್ನೂ ಬೆಚ್ಚಗಿದ್ದ ಮಿಶ್ರಣವನ್ನು ಸುರಿದಿದ್ದೆ. ನಲವತ್ತು ನಿಮಿಷ ತಿರುಗಿದರೂ ತಣ್ಣನೆಯ ಹಾಲೇ ಉಳಿಯಿತು. ಬಟ್ಟಲಿಗೆ ಮೈನಸ್ 18 ಡಿಗ್ರಿಯಲ್ಲಿ ಇಡೀ ಒಂದು ದಿನ ಬೇಕು, ಮಿಶ್ರಣವೂ ಒಂದು ರಾತ್ರಿ ಫ್ರಿಜ್ಜಿನಲ್ಲಿದ್ದು ಚೆನ್ನಾಗಿ ತಣ್ಣಗಾಗಬೇಕು. ಬಟ್ಟಲನ್ನು ಕಿವಿಯ ಬಳಿ ಹಿಡಿದು ಕುಲುಕಿದಾಗ ಒಳಗೆ ದ್ರವ ಅಲುಗುವ ಸದ್ದು ಕೇಳಿದರೆ ಅದು ಇನ್ನೂ ಸಿದ್ಧವಾಗಿಲ್ಲವೆಂದು ತಿಳಿಯಬೇಕು. ಈ ಪರೀಕ್ಷೆ ಕಲಿತ ಮೇಲೆ ಒಮ್ಮೆಯೂ ಕೆಟ್ಟಿಲ್ಲ.

ಯಂತ್ರದ ನಿಜವಾದ ಯೋಗ್ಯತೆ ತಿಳಿಯುವುದು ವೆನಿಲ್ಲಾದಲ್ಲಿ. ಚಾಕೊಲೇಟಿನ ಕಟುವಾಗಲಿ ಕಾಫಿಯ ಒಗರಾಗಲಿ ಇಲ್ಲದ್ದರಿಂದ ಹದದಲ್ಲಿನ ಯಾವ ಕೊರತೆಯನ್ನೂ ಅದು ಮುಚ್ಚಿಡಲಾರದು. ಹಾಲು, ಕೆನೆ, ಸಕ್ಕರೆ ಮತ್ತು ಮೊಟ್ಟೆಯ ಹಳದಿ ಭಾಗವನ್ನು ಸಣ್ಣ ಉರಿಯಲ್ಲಿ 82 ಡಿಗ್ರಿಯವರೆಗೆ ಕಾಯಿಸಿ, ಸೀಳಿದ ವೆನಿಲ್ಲಾ ಕೋಡನ್ನು ಅದರಲ್ಲಿ ನೆನೆಹಾಕಿ, ಮರುದಿನ ಸೋಸಿ ಕಡೆಯುತ್ತೇನೆ. ಮೊದಲ ಹತ್ತು ನಿಮಿಷ ಏನೂ ಆಗುತ್ತಿಲ್ಲವೆನ್ನಿಸುತ್ತದೆ. ಹದಿನೆಂಟನೆಯ ನಿಮಿಷದ ಹೊತ್ತಿಗೆ ಮೋಟರಿನ ದನಿ ಭಾರವಾಗುತ್ತದೆ, ಅಲಗಿನ ಹಿಂದೆ ಉಳುಮೆಯ ಗೆರೆಯಂಥ ಸಾಲು ಮೂಡಿ, ಮೊದಲು ತಕ್ಷಣ ಮುಚ್ಚಿಕೊಳ್ಳುತ್ತಿದ್ದ ಆ ಗೆರೆ ಆಮೇಲೆ ಹಾಗೆಯೇ ನಿಲ್ಲತೊಡಗುತ್ತದೆ. ಆ ಕ್ಷಣದಲ್ಲಿ ನಿಲ್ಲಿಸಬೇಕು. ಆಗ ತೆಗೆದ ಒಂದು ಚಮಚ, ಗಟ್ಟಿಯಾಗಲು ನಾಲ್ಕು ಗಂಟೆ ಫ್ರೀಜರಿನಲ್ಲಿಟ್ಟು ತೆಗೆದದ್ದಕ್ಕಿಂತ ನನಗೆ ಹೆಚ್ಚು ಪ್ರಿಯ.

ಒಂದು ಸಲ ಕುತೂಹಲಕ್ಕೆ ತೂಗಿ ನೋಡಿದೆ. ಕೊಂಡು ತಂದ ಸಾಮಾನ್ಯ ದರ್ಜೆಯ ವೆನಿಲ್ಲಾ ಒಂದು ಲೀಟರಿಗೆ ಸುಮಾರು 550 ಗ್ರಾಂ ತೂಗಿತು. ಮನೆಯದು ಅಷ್ಟೇ ಜಾಗದಲ್ಲಿ ಸುಮಾರು 880 ಗ್ರಾಂ ಇತ್ತು. ವ್ಯತ್ಯಾಸವೆಲ್ಲ ಗಾಳಿಯದು. ಕಾರ್ಖಾನೆಯಲ್ಲಿ ಮಿಶ್ರಣದಷ್ಟೇ ಗಾಳಿಯನ್ನು ಸೇರಿಸಿ ಗಾತ್ರವನ್ನು ಇಮ್ಮಡಿಗೊಳಿಸುವುದು ಸಾಧ್ಯ, ಈ ಪುಟ್ಟ ಯಂತ್ರಕ್ಕೆ ಅಷ್ಟು ಗಾಳಿ ಹಿಡಿಯುವ ಶಕ್ತಿಯೇ ಇಲ್ಲ. ನನ್ನ ಪಾಲಿಗೆ ಆ ಅಶಕ್ತಿಯೇ ಅದರ ದೊಡ್ಡ ಗುಣ. ಗಾಳಿ ಪೂರ್ತಿ ಇಲ್ಲದಿದ್ದರೆ ಕಲ್ಲಿನಂತಾಗುತ್ತದೆ ನಿಜ, ಆದರೆ ಹಗುರವಾದ, ನೊರೆಯಂಥ ಐಸ್‌ಕ್ರೀಂ ಬಾಯಿಗೆ ಬಂದದ್ದೇ ತಿಳಿಯದೆ ಹೋಗುತ್ತದೆ. ಗಾಳಿ ಕಡಿಮೆಯಿರುವ, ತುಸು ಕಡಿಮೆ ತಣ್ಣಗೆ ಬಡಿಸುವ ಇಟಲಿಯ ಐಸ್‌ಕ್ರೀಂ ಜೆಲಾಟೊ ಇಷ್ಟಪಡುವವರಿಗೆ ಈ ಹದ ಹತ್ತಿರದ್ದೆನಿಸುತ್ತದೆ. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಬಳಸಿದ ಫ್ರೋಜನ್ ಡೆಸರ್ಟುಗಳನ್ನು ನಾನು ತಿನ್ನುವುದು ಬಿಟ್ಟಿದ್ದೇನೆ. ಕೆಲವಂತೂ ಅಂಗುಳಿನ ಮೇಲೆ ಮೇಣದಂಥ ಪದರ ಬಿಟ್ಟು, ಎಷ್ಟು ನೀರು ಕುಡಿದರೂ ಹೋಗುವುದಿಲ್ಲ. ಹಾಲು ಒಗ್ಗದವರಿಗೆ ಅಂಥ ತಿನಿಸು ಅನಿವಾರ್ಯವಾಗಬಹುದೆಂಬುದನ್ನು ಒಪ್ಪುತ್ತೇನೆ. ಆದರೆ ಅವುಗಳಲ್ಲಿ ಎಷ್ಟೋ ಹಾಲಿನ ಪುಡಿಯನ್ನು ಒಳಗೊಂಡಿರುವುದರಿಂದ ಲೇಬಲ್ ಓದದೆ ಕೊಳ್ಳಬಾರದು.

ಕೊರತೆಗಳನ್ನೂ ಹೇಳಬೇಕು. ಯಂತ್ರದ ಸದ್ದು ಜೋರು, ಪಕ್ಕದಲ್ಲಿ ನಿಂತು ಮಾತಾಡುವಂತಿಲ್ಲ. ಅಲಗು ಮತ್ತು ಗೋಡೆಯ ನಡುವೆ ಉಳಿಯುವ ಸಂದಿನಲ್ಲಿ ಒಂದು ಪದರ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕಬ್ಬಿಣದ ಚಮಚದಿಂದ ಕೆರೆದರೆ ಬಟ್ಟಲಿಗೆ ಗೀರು ಬೀಳುವುದರಿಂದ ಮರದ್ದನ್ನೇ ಬಳಸಬೇಕು. ಬಟ್ಟಲಿನ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ತುಂಬಿಸುವಂತಿಲ್ಲ, ಹಾಗಾಗಿ ಒಂದೂವರೆ ಲೀಟರ್ ಎಂಬ ಅಳತೆ ಕಾಗದದ ಮೇಲೆ ಮಾತ್ರ. ದಿನಕ್ಕೆ ಒಂದೇ ಸಲ ಮಾಡಲು ಸಾಧ್ಯ. ಎಲ್ಲಕ್ಕಿಂತ ಬೇಸರದ ಸಂಗತಿಯೆಂದರೆ ವಾರ ಕಳೆಯುವಷ್ಟರಲ್ಲಿ ಹದ ಕೆಡುವುದು: ಫ್ರೀಜರಿನ ಬಾಗಿಲು ತೆರೆದು ಮುಚ್ಚಿದಂತೆಲ್ಲ ಸಣ್ಣ ಹರಳುಗಳು ಕರಗಿ, ಮತ್ತೆ ಹೆಪ್ಪುಗಟ್ಟುವಾಗ ದೊಡ್ಡವುಗಳನ್ನು ಸೇರಿಕೊಳ್ಳುತ್ತವೆ. ಇದನ್ನು ಕಂಡ ಮೇಲೆ ಕಾರ್ಖಾನೆಯವರು ಹಾಕುವ ಗೋರಿಕಾಳಿನ ಅಂಟನ್ನು (ಗ್ವಾರ್ ಗಮ್) ಹೀಗಳೆಯುವುದನ್ನು ಬಿಟ್ಟೆ. ಒಂದು ಲೀಟರ್ ಮಿಶ್ರಣಕ್ಕೆ ಅದರ ಒಂದೆರಡು ಗ್ರಾಂ ಸೇರಿಸಿದರೆ ನೀರು ಬಿಗಿದುಕೊಂಡು ಹರಳು ಬೆಳೆಯುವುದು ನಿಧಾನವಾಗುತ್ತದೆ. ತಾನೇ ತಂಪು ಮಾಡಿಕೊಳ್ಳುವ ಕಂಪ್ರೆಸರ್ ಮಾದರಿಯಲ್ಲಿ ಬಟ್ಟಲು ತಣಿಸುವ ಕಾಯುವಿಕೆ ಇಲ್ಲ, ಆದರೆ ಅದು ಭಾರ, ದುಬಾರಿ, ಜಾಗವನ್ನೂ ಹೆಚ್ಚು ತಿನ್ನುತ್ತದೆ. ವಾರಕ್ಕೊಮ್ಮೆ ಮಾಡುವವರಿಗೆ ಬಟ್ಟಲಿನ ಮಾದರಿಯೇ ಸಾಕು.

ನಾನು ನಿರೀಕ್ಷಿಸದೆ ಇದ್ದ ಸಂತೋಷ ಸಿಕ್ಕಿದ್ದು ನಿಂಬೆರಸ ಬೆರೆಸಿದ ಸಕ್ಕರೆ ಪಾಕವನ್ನು ಕಡೆದು ಮಾಡುವ ಸೋರ್ಬೆಯಲ್ಲಿ. ಹಾಲೂ ಕೊಬ್ಬೂ ಇಲ್ಲದ ಅದರಲ್ಲಿ ಹದವನ್ನು ಹಿಡಿದಿಡುವುದು ಸಕ್ಕರೆಯೊಂದೇ. ಕಡಿಮೆಯಾದರೆ ಮಂಜಿನ ಗಡ್ಡೆ, ಹೆಚ್ಚಾದರೆ ಎಂದಿಗೂ ಗಟ್ಟಿಯಾಗದ ಕೆಸರು. ಅಳತೆಗೆ ಹಳೆಯದೊಂದು ಉಪಾಯವಿದೆ: ತೊಳೆದ ಹಸಿ ಮೊಟ್ಟೆಯನ್ನು ಸಿಪ್ಪೆಸಹಿತ ಪಾಕದಲ್ಲಿ ಬಿಟ್ಟಾಗ, ಮೇಲೆ ಕಾಣುವ ಭಾಗ ಒಂದು ಸಣ್ಣ ನಾಣ್ಯದಷ್ಟಿದ್ದರೆ ಸಕ್ಕರೆ ಸರಿಯಿದೆ ಎಂದರ್ಥ. ಪೂರ್ತಿ ಮುಳುಗಿದರೆ ಸಕ್ಕರೆ ಸೇರಿಸಬೇಕು, ಹೆಚ್ಚು ಮೇಲೆದ್ದರೆ ನೀರು. ನಾಲಿಗೆ ತಣ್ಣಗಾದಾಗ ಸಿಹಿ ಮಂದವಾಗಿ ತಿಳಿಯುವುದರಿಂದ ಪಾಕ ಕುಡಿದು ನೋಡಿದಾಗ ಅತಿಯಾಗಿ ಸಿಹಿಯೆನ್ನಿಸಿದರೂ ಹೆದರಬೇಕಾಗಿಲ್ಲ. ಕಡೆದ ಮೇಲೆ ಅದೇ ಪಾಕ ಹುಳಿಯನ್ನು ಮುಂದಿಟ್ಟುಕೊಂಡು, ಹರಳೇ ಇಲ್ಲದ ಬಿಳಿಯ ರೇಷ್ಮೆಯಂತೆ ಬಟ್ಟಲಿನಿಂದ ಮೇಲೇಳುತ್ತದೆ.