ಬೋಟು ಕಟ್ಟಿಸಲು ಹೊರಟವರೇ, ಕಂತು ಕಟ್ಟಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ

2024, 2025ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ರೇಟು ಬಂತು. ಅದಾದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆಯ ಪರಿಚಯದವರಿಂದ ನನಗೆ ಒಂದೇ ತರಹದ ಫೋನು. "ಅಕ್ಕಾ, ನೀವು ಬೋಟ್ ಬುಕ್ ಮಾಡಿದ್ರಲ್ಲ, ಏನಾಯ್ತು? ನಾವೂ ಒಂದು ಮಾಡಿಸೋಣ ಅಂತಿದ್ದೀವಿ." ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿ ಬಾಯಿ ಒಣಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಬೋಟು ಕಟ್ಟುವ ಯಾರ್ಡಿನ ಹೆಸರು ಹಾಕುವುದಿಲ್ಲ, ಕೇಸು ನಡೆಯುತ್ತಿದೆ. ಬೇರೆ ರಾಜ್ಯದ್ದು, ಪಶ್ಚಿಮ ಕರಾವಳಿಯದ್ದು ಅಂತ ಮಾತ್ರ ತಿಳಿಯಿರಿ. ಹೆಸರು ಗೊತ್ತಾದರೂ ದೊಡ್ಡ ಉಪಯೋಗವಿಲ್ಲ. ಇದೇ ಕರಾರು ಪತ್ರ ಹಿಡಿದುಕೊಂಡು ನಾಳೆ ಇನ್ನೊಬ್ಬ ಬರುತ್ತಾನೆ.

ನಮ್ಮ ಮನೆಯವರು ಮರ್ಚೆಂಟ್ ನೇವಿಯಲ್ಲಿ ಚೀಫ್ ಎಂಜಿನಿಯರ್ ಆಗಿದ್ದವರು. ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿದ್ದೆ. ಇಬ್ಬರೂ ನಿವೃತ್ತರಾಗಿ ಹಾಸನಕ್ಕೆ ಬಂದೆವು. ಮಳೆಗಾಲ ಇಲ್ಲಿ ಮನೆಯಲ್ಲಿ, ಉಳಿದ ತಿಂಗಳು ನೀರಿನ ಮೇಲೆ, ಇದು ಅವರ ಬಹಳ ವರ್ಷದ ಆಸೆ. ಅವರು ಆರಿಸಿದ್ದು ಟ್ರಾಲರ್ ಯಾಟ್. ಮೀನು ಹಿಡಿಯುವ ಟ್ರಾಲರಿನಂಥ ತುಂಬು ಒಡಲು, ಒಳಗೆ ಅಡುಗೆಮನೆ, ಮಲಗುವ ಕೋಣೆ, ಬಚ್ಚಲು. ಉದ್ದ 42 ಅಡಿ. ಓಡುವುದು ನಿಧಾನ, ಆದರೆ ಡೀಸೆಲ್ ಕಡಿಮೆ ಕುಡಿಯುತ್ತದೆ. ವಯಸ್ಸಾದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ ಅಂತ ಈಗಲೂ ಅವರ ಅಭಿಪ್ರಾಯ. ನನ್ನದೂ ಅದೇ. ಬೋಟಿನ ಮೇಲೆ ನನಗೆ ಸಿಟ್ಟಿಲ್ಲ.

"ಅಷ್ಟು ದೂರ ಯಾಕೆ, ಗೊರೂರಿನ ಹಿನ್ನೀರಲ್ಲೇ ಬಿಡಬಹುದಲ್ಲ" ಅಂತ ಕೇಳುವವರಿದ್ದಾರೆ. ಆಗಲ್ಲ. ಜಲಾಶಯ ನೀರಾವರಿ ನಿಗಮದ್ದು, ಅಲ್ಲಿ ಸುಮ್ನೆ ಮನೆ ಮಾಡಿಕೊಂಡು ತೇಲಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಶೆಟ್ಟಿಹಳ್ಳಿ ಚರ್ಚಿನ ಸುತ್ತ ಜನ ನಡೆದಾಡುವಷ್ಟು ನೀರು ಇಳಿಯುತ್ತದೆ. ಬೋಟನ್ನು ಎಲ್ಲಿ ನಿಲ್ಲಿಸುತ್ತೀರಿ?

ಯಾರ್ಡಿನವರ ಮಾತು ಮೊದಲ ದಿನವೇ ಸ್ವಲ್ಪ ವಾಸನೆ ಹೊಡೆಯಿತು. ಒಂದು ಎಂಜಿನ್ ಸಾಕು ಅಂದರೆ, ಎರಡು ದೊಡ್ಡ ಎಂಜಿನ್ ಹಾಕಿಸಿ ಸಾರ್, ಜಾಸ್ತಿ ಸ್ಪೀಡ್ ಬರುತ್ತೆ ಅಂದರು. ಈ ಬಗೆಯ ತುಂಬು ಒಡಲಿನ ಬೋಟಿಗೆ ವೇಗದ ಮಿತಿ ಇರುವುದು ಉದ್ದದಲ್ಲಿ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಎಷ್ಟು ನಾಟ್, ಅಂದರೆ ಗಂಟೆಗೆ ಎಷ್ಟು ನಾಟಿಕಲ್ ಮೈಲು, ಅಂತ ಬರುತ್ತದೆ. 40 ಅಡಿ ಇದ್ದರೆ ಸುಮಾರು ಎಂಟೂವರೆ. ಅದರ ಮೇಲೆ ಎಷ್ಟು ಅಶ್ವಶಕ್ತಿ ಸುರಿದರೂ ಬೋಟು ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಒದ್ದಾಡುತ್ತದೆ, ಅಷ್ಟೇ. ಇದನ್ನು ನಮ್ಮ ಮನೆಯವರು ಕಾಗದದ ಮೇಲೆ ಬರೆದು ತೋರಿಸಿದಾಗ ಮ್ಯಾನೇಜರ್ ನಕ್ಕು ಮಾತು ಬದಲಿಸಿದ.

ಎರಡನೇ ವಾಸನೆ ತೆರಿಗೆಯದು. ಆಗ ಮೋಜಿನ ಬೋಟುಗಳಿಗೆ ಶೇ 28 ಜಿಎಸ್‌ಟಿ, ಮೇಲೆ ಶೇ 3 ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ, ಈಗ ಹೊರಟವರು ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮೀನುಗಾರಿಕೆ ಬೋಟಿಗೆ ಮಾತ್ರ ಶೇ 5. "ಮೇಡಂ, ಬಿಲ್ಲಿನಲ್ಲಿ ಫಿಶಿಂಗ್ ಬೋಟ್ ಅಂತ ಹಾಕ್ತೀವಿ, ಎಲ್ಲರೂ ಹಾಗೇ ಮಾಡೋದು" ಅಂದರು. ನಾನು ಬೇಡ ಅಂದೆ. ನಾಳೆ ಬೋಟು ಮುಳುಗಿದರೆ ವಿಮೆಯವರು ಮೊದಲು ಕೇಳುವುದೇ ಬಿಲ್ಲು. ಬಲೆ ಇಲ್ಲದ, ಸೋಫಾ ಇರುವ ಮೀನುಗಾರಿಕೆ ಬೋಟನ್ನು ಯಾವ ಸರ್ವೇಯರ್ ಒಪ್ಪುತ್ತಾನೆ?

ಕಂತುಗಳು ಹೀಗಿದ್ದವು. ಬುಕಿಂಗಿಗೆ ಒಂದಿಷ್ಟು, ಫೈಬರ್ ಪದರ ಹಾಕಲು ಶುರುವಾದಾಗ ಒಂದಿಷ್ಟು, ಎಂಜಿನ್ ತರಿಸಲು ಒಂದಿಷ್ಟು, ಹಲ್, ಅಂದರೆ ಬೋಟಿನ ಹೊರಮೈ, ಅಚ್ಚಿನಿಂದ ಹೊರಬಂದಾಗ ದೊಡ್ಡ ಮೊತ್ತ. ಉಳಿದದ್ದು ನೀರಿಗೆ ಇಳಿದ ಮೇಲೆ. ನೋಡಲು ನ್ಯಾಯವಾಗಿಯೇ ಇದೆ. ವಿಷ ಇದ್ದದ್ದು ಒಂದು ಸಾಲಿನಲ್ಲಿ. ಆಯಾ ಹಂತ ಮುಗಿದಿದೆ ಅಂತ ಯಾರ್ಡು ಫೋಟೋ ಸಮೇತ ತಿಳಿಸಿದರೆ ಸಾಕು, ಕಂತು ಕೊಡಬೇಕು. ಸ್ವತಂತ್ರ ಸರ್ವೇಯರ್ ಬಂದು ನೋಡಿ ಸಹಿ ಹಾಕಬೇಕು ಅಂತ ನಾವು ಕೇಳಿದ್ದಕ್ಕೆ, ಅದಕ್ಕೆಲ್ಲ ತಡವಾಗುತ್ತೆ ಅಂತ ತಳ್ಳಿಹಾಕಿದರು.

2023ರ ಜುಲೈ. ಶಿರಾಡಿ ಘಾಟಿಯಲ್ಲಿ ಮಣ್ಣು ಕುಸಿಯುವ ಕಾಲ. ರಸ್ತೆ ಇವತ್ತು ಇದೆಯೋ ಇಲ್ವೋ ಅಂತ ಬೆಳಗ್ಗೆ ಎದ್ದು ಕೇಳಬೇಕು. ಆಗಲೇ ವಾಟ್ಸಾಪಿನಲ್ಲಿ ಫೋಟೋ ಬಂತು. ಅಚ್ಚಿನಿಂದ ಹೊರಬಂದ ಹಲ್, ಹೊಳೆಯುವ ಬಿಳಿ. "ನಿಮ್ಮ ಬೋಟು ರೆಡಿ, ಕಂತು ಕಳಿಸಿ." ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಹಲ್‌ನ ಆಕಾರ ನೋಡುತ್ತಿದ್ದರು. ನನ್ನ ಕಣ್ಣು ಹೋದದ್ದು ಶೆಡ್ಡಿನ ಬಾಗಿಲಿಗೆ. ಹೊರಗೆ ಸುಡುಬಿಸಿಲು. ನೆಲ ಒಣಗಿ ಧೂಳೆದ್ದಿದೆ. ಕರಾವಳಿಯಲ್ಲಿ ಜುಲೈನಲ್ಲಿ ಧೂಳು!

ಕಂತು ತಡೆದೆವು. ಮಳೆ ಇಳಿದ ಮೇಲೆ, ಹೇಳದೆ ಕೇಳದೆ ಹೋದೆವು.

ಶೆಡ್ಡಿನಲ್ಲಿ ಇದ್ದದ್ದು ಒಂದೇ ಹಲ್. ಅದರ ಹಿಂಭಾಗದಲ್ಲಿ ಸೀಸದಕಡ್ಡಿಯಲ್ಲಿ ಬೇರೆ ಯಾರದೋ ಹೆಸರು. ಆ ಮನುಷ್ಯನ ನಂಬರನ್ನು ಅಲ್ಲಿನ ಬಡಗಿಯೊಬ್ಬರು ಪಾಪ ಅಂತ ಕೊಟ್ಟರು. ಫೋನ್ ಮಾಡಿದರೆ ಅವರಿಗೂ ಅದೇ ಫೋಟೋ ಹೋಗಿದೆ, ಅವರು ದುಡ್ಡೂ ಕಟ್ಟಿದ್ದಾರೆ. ಮೂರನೆಯವರೊಬ್ಬರೂ ಸಿಕ್ಕರು. ಒಂದು ಹಲ್‌ಗೆ ಮೂರು ಜನ ಒಡೆಯರು. ಅದಕ್ಕೇ ಹೇಳುವುದು, ಅಚ್ಚಿಗೆ ಹಾಕುವಾಗಲೇ ಹಲ್‌ನ ಮೈಯೊಳಗೆ ಸೇರಿಹೋಗುವ ಹಾಗೆ ಗುರುತಿನ ನಂಬರ್ ಹಾಕಿಸಬೇಕು. ಆ ನಂಬರ್ ಕರಾರಿನಲ್ಲಿ ಇರಬೇಕು. ಪ್ರತಿ ಫೋಟೋದಲ್ಲೂ ಅದೂ, ಅವತ್ತಿನ ಪೇಪರೂ ಕಾಣಬೇಕು. ಮುಜುಗರ ಪಡಬೇಡಿ, ಕೇಳಿ.

ಆ ಹಲ್ ಆದರೂ ಚೆನ್ನಾಗಿತ್ತಾ? ಅದೂ ಇಲ್ಲ. ಗಾಜಿನ ನಾರಿನ ಮ್ಯಾಟು ತೇವ ಹೀರಿದರೆ ರಾಳ ಸರಿಯಾಗಿ ಹಿಡಿಯುವುದಿಲ್ಲ. ಮಳೆಗಾಲದಲ್ಲಿ ಕೆಲಸ ಮಾಡುವ ಶೆಡ್ಡಿನಲ್ಲಿ ತೇವ ಎಳೆಯುವ ಯಂತ್ರ ಇರಲೇಬೇಕು. ಇಲ್ಲಿ ಇದ್ದದ್ದು ಎರಡು ಸೀಲಿಂಗ್ ಫ್ಯಾನು. ನಮ್ಮ ಮನೆಯವರ ಹತ್ತಿರ ಬಾರ್ಕಾಲ್ ಮೀಟರ್ ಇತ್ತು, ಗಟ್ಟಿತನ ಅಳೆಯುವ ಸಣ್ಣ ಉಪಕರಣ, ಜೇಬಿಗೆ ಹಿಡಿಸುತ್ತದೆ. ಚೆನ್ನಾಗಿ ಗಟ್ಟಿಯಾದ ಪಾಲಿಯೆಸ್ಟರ್ ಪದರದ ಮೇಲೆ ಒತ್ತಿದರೆ 40ರ ಆಸುಪಾಸು ತೋರಿಸಬೇಕು. ತಳದ ಹಲವು ಕಡೆ ಅದರ ಅರ್ಧವೂ ಬರಲಿಲ್ಲ. ಇಂಥ ಹಲ್ ನೀರಲ್ಲಿ ನಿಂತರೆ ಕೆಲವೇ ವರ್ಷದಲ್ಲಿ ಮೈತುಂಬ ಬೊಬ್ಬೆ ಏಳುತ್ತದೆ.

ವಾಪಸ್ ಬಂದು ನಾನು ನನಗೆ ಗೊತ್ತಿರುವ ಕೆಲಸಕ್ಕೆ ಕೂತೆ. ಕಂಪನಿ ಸಾಲ ತೆಗೆದಿದ್ದರೆ ಬ್ಯಾಂಕಿನ ಚಾರ್ಜ್, ಅಂದರೆ ಸಾಲಕ್ಕಾಗಿ ಆಸ್ತಿಯ ಮೇಲೆ ಇಟ್ಟುಕೊಂಡ ಹಕ್ಕು, ಕಾರ್ಪೊರೇಟ್ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿ ದಾಖಲಾಗಿರುತ್ತದೆ. ಯಾರು ಬೇಕಾದರೂ ನೋಡಬಹುದು. ಪಾಲುದಾರಿಕೆ ಸಂಸ್ಥೆಯಾದರೆ ಸಾಲದ ಒತ್ತೆಗಳನ್ನು ದಾಖಲಿಸುವ ಕೇಂದ್ರ ನೋಂದಣಿ ಸೆರ್‌ಸಾಯ್‌ನಲ್ಲಿ ಹುಡುಕಿ, ಸಣ್ಣ ಶುಲ್ಕ. ನಾನು ನೋಡಿದ್ದರಲ್ಲಿ ಇದ್ದದ್ದು ಇದು: ಶೆಡ್, ಯಂತ್ರ, ಕಚ್ಚಾ ಸಾಮಗ್ರಿ, ಅರ್ಧ ಆದ ಕೆಲಸ, ಎಲ್ಲವೂ ಬ್ಯಾಂಕಿಗೆ ಹೈಪೋಥಿಕೇಶನ್, ಅಂದರೆ ಸಾಲಕ್ಕೆ ಒತ್ತೆ. ಅರ್ಧ ಆದ ಕೆಲಸ ಅಂದರೆ ಯಾವುದು? ನಮ್ಮ ದುಡ್ಡಿನಲ್ಲಿ ಕಟ್ಟುತ್ತಿರುವ ಬೋಟುಗಳೇ ಅಲ್ವಾ? ಎಂಜಿನ್ನೂ ಹಾಗೇ. ದುಡ್ಡು ನಮ್ಮದು, ಇನ್‌ವಾಯ್ಸ್ ಯಾರ್ಡಿನ ಹೆಸರಿಗೆ. ಪೆಟ್ಟಿಗೆಯಿಂದ ಹೊರಗೂ ತೆಗೆಯದ ಎಂಜಿನ್ನಿನ ವಾರಂಟಿ ಕಾರ್ಖಾನೆ ಬಿಟ್ಟ ದಿನದಿಂದಲೇ ಓಡುತ್ತಿತ್ತು. ಎಂಜಿನ್ನನ್ನು ನೇರವಾಗಿ ಡೀಲರಿಂದ, ನಿಮ್ಮ ಹೆಸರಿಗೇ ಕೊಳ್ಳಿ. ಯಾರ್ಡು ಜೋಡಿಸಿಕೊಡಲಿ, ಸಾಕು.

ಕಾನೂನು ಕೂಡ ನಮ್ಮ ಪರ ಇಲ್ಲ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಇನ್ನೂ ತಯಾರಾಗಬೇಕಾದ ವಸ್ತು ಪೂರ್ತಿಯಾಗಿ, ಇಂಥವರಿಗೆ ಅಂತ ಎತ್ತಿಡುವವರೆಗೆ ಮಾರುವವನದೇ. ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತ್ರ ಬದಲು. ಪ್ರತಿ ಕಂತಿನ ಜೊತೆ ಅಷ್ಟು ಭಾಗದ ಒಡೆತನ ನಮಗೆ ಬರುತ್ತದೆ ಅಂತ ಬರೆಸಬಹುದು, ಅದರ ಜೊತೆಗೆ ಬ್ಯಾಂಕಿನಿಂದ ಆಕ್ಷೇಪವಿಲ್ಲ ಅನ್ನುವ ಪತ್ರವೂ ಬೇಕು. ನಮ್ಮ ಕರಾರಿನಲ್ಲಿ ಇದ್ದದ್ದು, ಪೂರ್ತಿ ಹಣ ಸಂದ ಮೇಲೆ ಒಡೆತನ.

ಜಗಳವಾಯಿತು. ಕಟ್ಟಿದ ಹಣ ಅರವತ್ತು ಲಕ್ಷದ ಹತ್ತಿರ ಇತ್ತು. ಡೈರೆಕ್ಟರ್ ಹಾಸನಕ್ಕೇ ಬಂದ. ಕಾಫಿ ಕುಡಿದ, ಕೈಮುಗಿದ, "ಎರಡು ತಿಂಗಳು ಟೈಮ್ ಕೊಡಿ ಅಮ್ಮಾ" ಅಂದ. ಇಪ್ಪತ್ತು ಲಕ್ಷಕ್ಕೆ ಮುಂದಿನ ತಾರೀಖಿನ ಚೆಕ್ ಬರೆದುಕೊಟ್ಟ. ಹೇಳಿದ ದಿನ ಹಾಸನದ ನಮ್ಮ ಶಾಖೆಯಲ್ಲಿ ಹಾಕಿದೆ. ಬೌನ್ಸ್.

ಗ್ರಾಹಕರ ಆಯೋಗಕ್ಕೂ ಹೋದೆವು. 2019ರ ಕಾಯ್ದೆಯಿಂದ ಒಂದು ಒಳ್ಳೆಯದಾಗಿದೆ. ಮಾರಿದವನು ಎಲ್ಲೇ ಇರಲಿ, ನೀವು ವಾಸ ಇರುವ ಕಡೆಯೇ ದೂರು ಕೊಡಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿವರೆಗೆ ರಾಜ್ಯ ಆಯೋಗ. ಎರಡು ವರ್ಷದೊಳಗೆ ಕೊಡಬೇಕು. ನಮ್ಮದು ಬೆಂಗಳೂರಿಗೆ ಹೋಯಿತು. ಅಷ್ಟರಲ್ಲಿ ಯಾರ್ಡಿನ ಬ್ಯಾಂಕು ಅವರನ್ನು ದಿವಾಳಿ ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಎಳೆಯಿತು. ಅರ್ಜಿ ದಾಖಲಾಗಿ ಆದೇಶ ಬಂದ ದಿನದಿಂದ ಕಂಪನಿಯ ಮೇಲಿನ ಎಲ್ಲ ಕೇಸಿಗೂ ತಡೆ. ನಮ್ಮ ದೂರು ಅಲ್ಲೇ ನಿಂತಿತು.

ಇಲ್ಲಿ ಒಂದು ಅನ್ಯಾಯ ನೋಡಿ. ಫ್ಲಾಟ್ ಬುಕ್ ಮಾಡಿದವರಿಗೆ 2018ರ ತಿದ್ದುಪಡಿಯಿಂದ ಬ್ಯಾಂಕಿನ ಹಾಗೇ ಫೈನಾನ್ಷಿಯಲ್ ಕ್ರೆಡಿಟರ್, ಅಂದರೆ ಹಣಕಾಸು ಸಾಲ ಕೊಟ್ಟವರ ಸ್ಥಾನ ಇದೆ, ಸಾಲ ಕೊಟ್ಟವರ ಸಮಿತಿಯಲ್ಲಿ ಮತ ಇದೆ. ಬೋಟ್ ಬುಕ್ ಮಾಡಿದವರಿಗೆ ಅದಿಲ್ಲ. ಸರಕಿಗಾಗಿ ಮುಂಗಡ ಕೊಟ್ಟವರು ಆಪರೇಷನಲ್ ಕ್ರೆಡಿಟರ್, ಅಂದರೆ ವ್ಯಾಪಾರದ ಬಾಕಿ ಬರಬೇಕಾದವರು, ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಸರದಿ ಬ್ಯಾಂಕಿನ ಹಿಂದೆ, ಬಹಳ ಹಿಂದೆ. ಹಕ್ಕು ಸಲ್ಲಿಸಿ ಅನ್ನುವ ಪ್ರಕಟಣೆಯೂ ಕಂಪನಿ ಇರುವ ಊರಿನ ಪೇಪರಿನಲ್ಲಿ ಬರುತ್ತದೆ, ಒಂದು ಇಂಗ್ಲಿಷಿನದು, ಒಂದು ಅಲ್ಲಿನ ಭಾಷೆಯದು. ಹಾಸನದಲ್ಲಿ ಕೂತವರಿಗೆ ಅದು ಹೇಗೆ ಕಾಣಬೇಕು? ದಿವಾಳಿ ಮಂಡಳಿಯ (ಐಬಿಬಿಐ) ಜಾಲತಾಣದಲ್ಲೂ ಹಾಕುತ್ತಾರೆ. ನಾನು ದಿನಾ ಅಲ್ಲಿ ನೋಡುತ್ತಿದ್ದೆ, ಹಾಗಾಗಿ ಅರ್ಜಿ ಸಮಯಕ್ಕೆ ಸೇರಿತು. ಅದೇ ಹಲ್‌ನ ಮೂರನೆಯ ಒಡೆಯರ ಅರ್ಜಿ ತಡವಾಗಿ, ಅವರು ಈಗ ಕೋರ್ಟಿನಲ್ಲಿ ಒದ್ದಾಡುತ್ತಿದ್ದಾರೆ.

ಇದನ್ನೆಲ್ಲ ತಪ್ಪಿಸುವ ಕಾಗದ ಒಂದಿದೆ. ದೊಡ್ಡ ಹಡಗು ಕಟ್ಟಿಸುವ ಕಂಪನಿಗಳು ಅದಿಲ್ಲದೆ ಮುಂಗಡ ಕೊಡುವುದೇ ಇಲ್ಲ. ಯಾರ್ಡಿನ ಬ್ಯಾಂಕು ಕೊಡುವ ಮರುಪಾವತಿ ಗ್ಯಾರಂಟಿ. ಯಾರ್ಡು ಬೋಟು ಕೊಡದಿದ್ದರೆ ಕಟ್ಟಿದ ಕಂತನ್ನು ಬ್ಯಾಂಕು ಕೊಡಬೇಕು. ಯಾರ್ಡು ಅದಕ್ಕೆ ಕಮಿಷನ್ ಕಟ್ಟಬೇಕಾಗುತ್ತದೆ, ಅದನ್ನು ನಿಮ್ಮ ಬೆಲೆಗೆ ಸೇರಿಸುತ್ತದೆ. ಸೇರಿಸಲಿ, ಕೊಡಿ. ನಾವು ಕೇಳಿದಾಗ "ಪ್ರೈವೇಟ್ ಪಾರ್ಟಿಗೆ ಬ್ಯಾಂಕು ಕೊಡಲ್ಲ ಮೇಡಂ" ಅಂದಿದ್ದರು. ಅದು ಸುಳ್ಳು. ಬ್ಯಾಂಕಿಗೆ ಆ ಯಾರ್ಡಿನ ಮೇಲೆ ನಂಬಿಕೆ ಇಲ್ಲದಿದ್ದರೆ ಮಾತ್ರ ಕೊಡಲ್ಲ. ಗ್ಯಾರಂಟಿ ಕೈಗೆ ಬಂದರೂ ಕಾಗದ ನೋಡಿ ನಂಬಬೇಡಿ, ನಕಲಿ ಗ್ಯಾರಂಟಿಗಳು ಓಡಾಡುತ್ತವೆ. ನಿಮ್ಮ ಬ್ಯಾಂಕಿಗೆ, ಬ್ಯಾಂಕುಗಳು ತಮ್ಮತಮ್ಮಲ್ಲಿ ಸಂದೇಶ ಕಳಿಸುವ ಜಾಲವಾದ ಎಸ್‌ಎಫ್‌ಎಂಎಸ್ ಮೂಲಕ ಆ ಬ್ಯಾಂಕಿನಿಂದ ಸಂದೇಶ ಬರಬೇಕು. ಅದು ಬಂದ ಮೇಲೆ ಮೊದಲ ರೂಪಾಯಿ.

ಇಷ್ಟರಲ್ಲಿ ಇನ್ನೂ ಉಸಿರಾಡುತ್ತಿರುವುದು ಆ ಚೆಕ್ ಒಂದೇ. ಬೌನ್ಸ್ ಮೆಮೊ ಬಂದ 30 ದಿನದೊಳಗೆ ನೋಟಿಸು, ನೋಟಿಸು ಮುಟ್ಟಿದ ಮೇಲೆ 15 ದಿನ ಗಡುವು, ಅದು ಮುಗಿದ ಒಂದು ತಿಂಗಳೊಳಗೆ ದೂರು. ಇದರಲ್ಲಿ ಒಂದು ದಿನವೂ ನಾವು ಜಾರಲಿಲ್ಲ. 2015ರ ತಿದ್ದುಪಡಿಯಿಂದಾಗಿ ಚೆಕ್ ಹಾಕಿದವರ ಶಾಖೆ ಎಲ್ಲಿದೆಯೋ ಅಲ್ಲಿನ ಕೋರ್ಟಿನಲ್ಲೇ ಕೇಸು, ಅಂದರೆ ಹಾಸನದಲ್ಲೇ. ದಿವಾಳಿ ತಡೆ ಕಂಪನಿಗೆ ಮಾತ್ರ, ಸಹಿ ಹಾಕಿದ ಡೈರೆಕ್ಟರಿಗೆ ಅಲ್ಲ ಅಂತ 2021ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹಾಗಾಗಿ ಆತ ಈಗ ಆಗಾಗ ಹಾಸನಕ್ಕೆ ಬರುತ್ತಾನೆ. ಈ ಸಲ ಕಾಫಿ ಕೊಡುವುದಿಲ್ಲ. ಚೆಕ್ಕಿನ ಮೊತ್ತದ ಶೇ 20ರವರೆಗೆ ಮಧ್ಯಂತರವಾಗಿ ಕೊಡಿಸಲು ಕೋರ್ಟಿಗೆ ಅಧಿಕಾರ ಇದೆ. ನಮ್ಮ ವಕೀಲರು ಆ ಅರ್ಜಿ ಹಾಕಿದ್ದಾರೆ, ಆದೇಶ ಬರಬೇಕು.

ಯಾರ್ಡಿನವರು ಕೊಟ್ಟ ಕರಡು ಕರಾರು ಕೈಯಲ್ಲಿದ್ದರೆ, ಸಹಿ ಹಾಕುವ ಮೊದಲು ತನ್ನಿ. ಓದಿ ಹೇಳುತ್ತೇನೆ. ಬಾರ್ಕಾಲ್ ಮೀಟರ್ ಬೇಕಾದವರು ನಮ್ಮ ಮನೆಯವರನ್ನು ಕೇಳಿ, ಕೊಡುತ್ತಾರೆ, ಆದರೆ ತಾವೂ ಜೊತೆಗೆ ಬರುತ್ತೇನೆ ಅಂತ ಹೊರಡುತ್ತಾರೆ. ಅದಕ್ಕೆ ತಯಾರಿರಿ.