ಜಿಆರ್‌ಐ, ವಿಶ್ವಸಂಸ್ಥೆಯ ಹತ್ತು ತತ್ವ, ಬಿಆರ್‌ಎಸ್‌ಆರ್: ನಮ್ಮ ಗಾರ್ಮೆಂಟ್ಸ್‌ಗೆ ಒಗ್ಗಿದ್ದು ಯಾವುದು

ಕಾರ್ಮಿಕರು, ಪರಿಸರ, ಪ್ರಾಮಾಣಿಕತೆ ವಿಷಯದಲ್ಲಿ ಒಂದು ಸಂಸ್ಥೆ ಹೇಗೆ ನಡೆದುಕೊಳ್ಳುತ್ತದೆ ಅಂತ ವರದಿ ಬರೆಯಲು ಇರುವ ಮೂರು ದಾರಿ ಇವು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಿಆರ್‌ಎಸ್‌ಆರ್‌ಗೆ, ಅಂದರೆ ನಮ್ಮ ದೇಶದ ನಮೂನೆಗೆ. ಹಾಗೆ ನೋಡಿದರೆ ಅದು ನಮ್ಮಂಥವರಿಗೆ ಮಾಡಿದ ನಮೂನೆಯೇ ಅಲ್ಲ. ಷೇರುಪೇಟೆ ನಿಯಂತ್ರಿಸುವ ಸೆಬಿಯವರು 2021ರಲ್ಲಿ ತಂದು, 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಕಡ್ಡಾಯ ಮಾಡಿದ್ದು. ನಮ್ಮದು ದಾವಣಗೆರೆ ಹೊರವಲಯದ ಒಂದು ಗಾರ್ಮೆಂಟ್ಸ್, ಪಾಲುದಾರಿಕೆ ಫರ್ಮು. ನಮೂನೆಯ ಮೊದಲ ಸಾಲೇ ಸಿಐಎನ್, ಅಂದರೆ ಕಂಪನಿ ನೋಂದಣಿಯ ನಂಬರ್ ಕೇಳುತ್ತದೆ. ನಮಗೆ ಆ ನಂಬರೇ ಇಲ್ಲ! ಗೆರೆ ಎಳೆದು ಮುಂದೆ ಹೋದೆ.

ಇದಕ್ಕೆಲ್ಲ ನಾನು ಯಾಕೆ ಕೈಹಾಕಿದೆ ಅಂದರೆ, ನಮ್ಮ ಬಟ್ಟೆ ಕೊಳ್ಳುವ ಹೊರದೇಶದ ಬೈಯರ್ ಎರಡು ವರ್ಷದ ಹಿಂದೆ ಒಂದು ಪತ್ರ ಹಾಕಿದರು. ಜವಾಬ್ದಾರಿಯುತ ವ್ಯವಹಾರದ ಅಂತರರಾಷ್ಟ್ರೀಯ ತತ್ವಗಳಿಗೆ ಹೊಂದುವಂಥ ವರದಿ ಬೇಕು ಅಂತ. ಸಾಹುಕಾರರು ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, 'ಏನೋ ಕೇಳ್ಯಾರೆ, ನೋಡ್ರೀ' ಅಂದರು. ನಾನು ಅಕೌಂಟ್ಸ್ ಮನುಷ್ಯ. ಪಿಎಫ್, ಇಎಸ್‌ಐ, ಸಂಬಳದ ಪಟ್ಟಿ ನನ್ನ ಕೆಲಸ. ಗೊತ್ತಿಲ್ಲದ ವಿಷಯ ಅಂತ ಒಬ್ಬ ಸಲಹೆಗಾರರನ್ನು ಹಿಡಿದೆವು. ಒಂದೂವರೆ ಲಕ್ಷ ತೆಗೆದುಕೊಂಡರು. ಜಿಆರ್‌ಐ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡದ ಮಾದರಿಯಲ್ಲಿ ವರದಿ ಬಂತು. ನುಣುಪು ಕಾಗದ, ಹಸಿರು ಎಲೆಯ ಚಿತ್ರ, ನಮ್ಮ ಫ್ಯಾಕ್ಟರಿಯಲ್ಲಿ ಇಲ್ಲದ ಒಂದು ಮರ.

ಬೈಯರ್ ಕಡೆಯ ಆಡಿಟರ್ ಬಂದರು. ವರದಿ ಕೈಯಲ್ಲಿ ಹಿಡಿದುಕೊಂಡೇ ಲೈನಿನ ಉದ್ದಕ್ಕೂ ನಡೆದರು. ಹೊಲಿಗೆ ಮಷೀನಿನ ಮೇಲೆ ಕೂತವರೆಲ್ಲ ನೀಲಿ ಏಪ್ರನ್. ದಾರ ಕತ್ತರಿಸುವವರು, ಇಸ್ತ್ರಿಗೆ ಬಟ್ಟೆ ಹೊರುವವರು, ಕಸ ಗುಡಿಸುವವರು ಕಂದು ಏಪ್ರನ್. ಅವರು ಗುತ್ತಿಗೆದಾರನ ಕಡೆಯವರು, ನಲವತ್ತು ಚಿಲ್ಲರೆ ಹೆಣ್ಣುಮಕ್ಕಳು. ಆಡಿಟರ್ ಕಂದು ಏಪ್ರನ್‌ಗಳನ್ನು ಬೆರಳು ಮಡಿಸಿ ಎಣಿಸಿದರು. ಆಮೇಲೆ ವರದಿಯ ಪುಟ ತೆಗೆದು ನನಗೆ ತೋರಿಸಿದರು. ಅದರಲ್ಲಿ ಅವರು ಯಾರೂ ಇರಲಿಲ್ಲ. ವರದಿ ವಾಪಸ್.

ತಪ್ಪು ಜಿಆರ್‌ಐದಲ್ಲ, ಇದನ್ನು ಒಪ್ಪಲೇಬೇಕು. ಅಲ್ಲಿ 2-7 ಅಂತ ಒಂದು ಅಂಶ ಸ್ವಂತ ನೌಕರರ ಲೆಕ್ಕ ಕೇಳುತ್ತದೆ. ಪಕ್ಕದಲ್ಲೇ 2-8, ನಿಮ್ಮ ನೌಕರರಲ್ಲದಿದ್ದರೂ ನಿಮ್ಮ ಹಿಡಿತದಲ್ಲಿ ಕೆಲಸ ಮಾಡುವವರ ಲೆಕ್ಕ ಕೇಳುತ್ತದೆ. ಆದರೆ ಜಿಆರ್‌ಐಯಲ್ಲಿ ಎರಡು ದಾರಿ ಇವೆ. ಒಂದು, ಮಾನದಂಡಕ್ಕೆ ಪೂರ್ತಿ ಬದ್ಧವಾದದ್ದು. ಅದಕ್ಕೆ ಒಂಬತ್ತು ಷರತ್ತು. ಇನ್ನೊಂದು, ಬರೀ ಉಲ್ಲೇಖಿಸಿ ಬರೆಯುವುದು. ಅದಕ್ಕೆ ಮೂರೇ ಷರತ್ತು: ಯಾವ ಅಂಶ ಯಾವ ಪುಟದಲ್ಲಿದೆ ಅನ್ನುವ ಸೂಚಿ, ಮಾನದಂಡ ಬಳಸಿದ್ದೇವೆ ಅನ್ನುವ ಹೇಳಿಕೆ, ಜಿಆರ್‌ಐಗೆ ಒಂದು ತಿಳಿವಳಿಕೆ. ಈ ಎರಡನೇ ದಾರಿಯಲ್ಲಿ ಬೇಕಾದ ಅಂಶ ಆರಿಸಿಕೊಳ್ಳಬಹುದು. ನಮ್ಮ ಸಲಹೆಗಾರರು 2-7 ಆರಿಸಿದರು, 2-8 ಬಿಟ್ಟರು. ನಿಯಮದ ಪ್ರಕಾರ ತಪ್ಪೇನಿಲ್ಲ. ಆದರೆ ಮಾನವ ಹಕ್ಕು, ಕಾರ್ಮಿಕ ಹಕ್ಕು ಅಂತ ನಾಲ್ಕು ಪುಟ ಬರೆದು, ಎಲ್ಲರಿಗಿಂತ ಕಡಿಮೆ ಕೂಲಿಯವರನ್ನೇ ಲೆಕ್ಕದಿಂದ ಬಿಟ್ಟರೆ ಅದು ಯಾವ ತತ್ವಕ್ಕೆ ಹೊಂದುತ್ತದೆ?

ಬಿಆರ್‌ಎಸ್‌ಆರ್‌ನಲ್ಲಿ ಹೀಗೆ ನುಣುಚಿಕೊಳ್ಳುವುದು ಕಷ್ಟ. ಶುರುವಿನಲ್ಲೇ ಪಟ್ಟಿ ಇದೆ. ಸಿಬ್ಬಂದಿ ಬೇರೆ, ಕಾರ್ಮಿಕರು ಬೇರೆ. ಇಬ್ಬರಲ್ಲೂ ಕಾಯಂ ಒಂದು ಸಾಲು, ಕಾಯಂ ಅಲ್ಲದವರು ಇನ್ನೊಂದು ಸಾಲು. ಗಂಡಸರೆಷ್ಟು, ಹೆಂಗಸರೆಷ್ಟು. ಖಾನೆ ಖಾಲಿ ಬಿಟ್ಟರೆ ಓದುವವರ ಕಣ್ಣಿಗೆ ಹೊಡೆಯುತ್ತದೆ.

ತುಂಬಿಸುವುದು ಮಾತ್ರ ಸುಲಭ ಅಂದುಕೊಳ್ಳಬೇಡಿ. ಗುತ್ತಿಗೆದಾರನ ಹಾಜರಿ ಪುಸ್ತಕ ತರಿಸಿದೆ. ಉದ್ದನೆಯ ನೋಟ್‌ಬುಕ್ಕು, ಮೂಲೆಯಲ್ಲಿ ಟೀ ಕಲೆ. ಒಂದೇ ಹೆಸರಿನವರು ಮೂವರು. ಇನಿಷಿಯಲ್ ಇಲ್ಲ, ಊರಿಲ್ಲ. ಕೇಳಿದರೆ ಮೇಸ್ತ್ರಿ, 'ಒಬ್ಬಾಕಿ ಆನಗೋಡು, ಒಬ್ಬಾಕಿ ದೊಡ್ಡಬಾತಿ, ಇನ್ನೊಬ್ಬಾಕಿ ಬಿಟ್ಟು ಹೋದ್ಲು ಸಾರ್' ಅಂದ. ಬಿಟ್ಟು ಹೋದವಳ ಹೆಸರಿನ ಮುಂದೆ ಆ ವಾರದ ಹಾಜರಿಯೂ ಇತ್ತು. ಪಿಎಫ್ ಚಲನ್ ತರಿಸಿದರೆ ಅದರಲ್ಲಿ ತಲೆ ಲೆಕ್ಕ ಇನ್ನೂ ಕಡಿಮೆ. ಪುಸ್ತಕದ ಲೆಕ್ಕ, ಚಲನ್ ಲೆಕ್ಕ, ಗೇಟಿನ ರಿಜಿಸ್ಟರ್ ಲೆಕ್ಕ, ಮೂರೂ ಬೇರೆ. ಹೊಂದಿಸಲು ಮೂರು ವಾರ ಹಿಡಿಯಿತು. ಕೊನೆಗೆ ಸಂಬಳದ ದಿನ ಗೇಟಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತೆ. ಒಬ್ಬೊಬ್ಬರನ್ನೇ ಊರು, ಸೇರಿದ ತಿಂಗಳು, ಕೈಗೆ ಬಂದ ದುಡ್ಡು ಕೇಳಿ ಬರೆದುಕೊಂಡೆ. ಕನಿಷ್ಠ ವೇತನಕ್ಕಿಂತ ಕಡಿಮೆ ಪಡೆಯುತ್ತಿದ್ದವರು ಆರು ಮಂದಿ ಸಿಕ್ಕರು. ಬಿಆರ್‌ಎಸ್‌ಆರ್‌ನ ಐದನೇ ತತ್ವ ಮಾನವ ಹಕ್ಕಿನದು, ಅದರಲ್ಲಿ ಕನಿಷ್ಠ ವೇತನದ ಪಟ್ಟಿಯೇ ಇದೆ. ಅದು ಇರದಿದ್ದರೆ ನಾನಂತೂ ಕೇಳುತ್ತಿರಲಿಲ್ಲ. ಸಾಹುಕಾರರು ಗುತ್ತಿಗೆದಾರನನ್ನು ಕರೆಸಿ ಬಾಕಿ ಕೊಡಿಸಿದರು.

ಇನ್ನೊಂದು ತಕರಾರು. ಬಿಆರ್‌ಎಸ್‌ಆರ್ ಹಣಕಾಸು ವರ್ಷದ ಕೊನೆಯ ದಿನದ ಲೆಕ್ಕ ಕೇಳುತ್ತದೆ, ಅಂದರೆ ಮಾರ್ಚ್ 31. ನಮ್ಮ ಕಡೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಜಾತ್ರೆ, ಆಮೇಲೆ ಯುಗಾದಿ ಅಂತ ಲೈನು ತುಂಬಲು ದಿನ ಹಿಡಿಯುತ್ತದೆ. ಜಿಆರ್‌ಐಯಲ್ಲಿ ವರ್ಷದ ಸರಾಸರಿ ಕೊಡಬಹುದು, ಯಾವ ವಿಧಾನ ಅಂತ ಹೇಳಿದರೆ ಸಾಕು. ಈ ಒಂದು ವಿಷಯದಲ್ಲಿ ಜಿಆರ್‌ಐ ಮೇಲು.

ನೀರಿನ ವಿಷಯದಲ್ಲಿ ಬಿಆರ್‌ಎಸ್‌ಆರ್ ಗೆಲ್ಲುತ್ತದೆ. ಅದು ಕಿಲೋಲೀಟರ್ ಕೇಳುತ್ತದೆ, ಜಿಆರ್‌ಐ ಮೆಗಾಲೀಟರ್. ನಮಗೆ ಬರುವುದು 5000 ಲೀಟರಿನ ಟ್ಯಾಂಕರ್. ಅಲ್ಲಿ 5, ಇಲ್ಲಿ 0.005. ಸಾಹುಕಾರರು ಆ ಸೊನ್ನೆಗಳನ್ನು ನೋಡಿ, 'ನಾವು ನೀರೇ ಬಳಸಲ್ವಾ?' ಅಂತ ನಕ್ಕರು.

ಕರೆಂಟು ಎರಡರಲ್ಲೂ ಒಂದೇ ಕಾಟ, ಜೌಲ್ ಲೆಕ್ಕ. ಬೆಸ್ಕಾಂ ಬಿಲ್ಲಿನ ಒಂದು ಯೂನಿಟ್ಟಿಗೆ 3.6 ಮೆಗಾಜೌಲ್, ಗುಣಿಸಿದರೆ ಮುಗಿಯಿತು.

ವಿಶ್ವಸಂಸ್ಥೆಯ ಹತ್ತು ತತ್ವಗಳ ಗ್ಲೋಬಲ್ ಕಾಂಪ್ಯಾಕ್ಟನ್ನೂ ನೋಡಿದೆ, ಕಂಪನಿಗಳು ತಾವಾಗಿ ಒಪ್ಪಿ ಸೇರುವಂಥದ್ದು. 2000ದಲ್ಲಿ ಶುರುವಾದದ್ದು. ಆಗ ಒಂಬತ್ತು ತತ್ವ, 2004ರಲ್ಲಿ ಭ್ರಷ್ಟಾಚಾರದ ವಿರುದ್ಧ ಹತ್ತನೆಯದು ಸೇರಿತು. ಓದಲು ಇದರಷ್ಟು ಸರಳ ಇನ್ನೊಂದಿಲ್ಲ. ಹತ್ತೇ ಸಾಲು, ಗೋಡೆಗೆ ಅಂಟಿಸಬಹುದು. ಸೇರಬೇಕಾದರೆ ಮುಖ್ಯಸ್ಥರೇ ಸಹಿ ಮಾಡಿದ ಪತ್ರ ಬೇಕು. ಪ್ರತಿ ವರ್ಷ ಪ್ರಗತಿ ವರದಿ ಕೊಡಬೇಕು. ಈಗ ಅದು ಆನ್‌ಲೈನ್ ಪ್ರಶ್ನಾವಳಿ. ವಹಿವಾಟು ನೋಡಿ ವಾರ್ಷಿಕ ವಂತಿಗೆಯೂ ಇದೆ. ಪ್ರಶ್ನೆಗಳನ್ನು ಸುಮ್ನೆ ಕಾಗದದ ಮೇಲೆ ತುಂಬಿಸಿ ನೋಡಿದೆ. ನೀತಿ ಇದೆಯಾ, ಯಾರು ನೋಡಿಕೊಳ್ಳುತ್ತಾರೆ, ತರಬೇತಿ ಕೊಟ್ಟಿದ್ದೀರಾ, ಇಂಥವೇ ಜಾಸ್ತಿ. ನೀತಿ ಬರೆಯುವುದೇನು, ಒಂದು ಮಧ್ಯಾಹ್ನದ ಕೆಲಸ. ಮೂರನೇ ತತ್ವ, ಅಂದರೆ ಸಂಘ ಕಟ್ಟುವ ಹಕ್ಕು ಬಂದಾಗ ಸಾಹುಕಾರರು ಪೆನ್ನು ಕೆಳಗಿಟ್ಟರು. ಹತ್ತನೆಯದು ಬಂದಾಗ ನಾನು ನಮ್ಮ ಲೆಡ್ಜರಿನ 'ಇತರೆ ಖರ್ಚು' ಪುಟ ಮುಚ್ಚಿದೆ. ಸಹಿ ಇನ್ನೂ ಆಗಿಲ್ಲ.

ಐಎಸ್‌ಒ 26000 ಬಗ್ಗೆ ಒಂದೇ ಮಾತು: ಅದು ಸಾಮಾಜಿಕ ಜವಾಬ್ದಾರಿಯ ಮಾರ್ಗದರ್ಶಿ, ಅದಕ್ಕೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಕೊಡಿಸುತ್ತೇನೆ ಅಂತ ಯಾರಾದರೂ ಬಂದರೆ ಟೀ ಕುಡಿಸಿ ಕಳಿಸಿ.

ಬಿಆರ್‌ಎಸ್‌ಆರ್‌ಗೆ ದೊಡ್ಡ ಕೊರತೆ ಅಂದರೆ ಹೊರದೇಶದವರಿಗೆ ಅದು ಗೊತ್ತಿಲ್ಲ. ನಮ್ಮ ಬೈಯರ್ ಕೂಡ ಏನಿದು ಅಂತಲೇ ಕೇಳಿದರು. ಆದರೆ ಅದರ ಬೇರು ಗಟ್ಟಿ ಇದೆ. ಕೇಂದ್ರದ ಕಾರ್ಪೊರೇಟ್ ವ್ಯವಹಾರ ಸಚಿವಾಲಯ 2019ರಲ್ಲಿ ಒಂಬತ್ತು ತತ್ವಗಳ ಮಾರ್ಗಸೂಚಿ ತಂದಿತು. ಅದನ್ನು ವ್ಯವಹಾರ ಮತ್ತು ಮಾನವ ಹಕ್ಕು ಕುರಿತ ವಿಶ್ವಸಂಸ್ಥೆಯ 2011ರ ತತ್ವಗಳನ್ನು ನೋಡಿಕೊಂಡೇ ಬರೆದದ್ದು. ಬಿಆರ್‌ಎಸ್‌ಆರ್ ನಿಂತಿರುವುದು ಆ ಒಂಬತ್ತರ ಮೇಲೆ. ಹಾಗಾಗಿ ನಾನು ಎಕ್ಸೆಲ್‌ನಲ್ಲಿ ಇನ್ನೆರಡು ಕಾಲಂ ಸೇರಿಸಿದೆ. ಬಿಆರ್‌ಎಸ್‌ಆರ್‌ನ ಮೊದಲ ತತ್ವ ಪ್ರಾಮಾಣಿಕತೆ, ಅದರ ಎದುರಿಗೆ ವಿಶ್ವಸಂಸ್ಥೆಯ ಹತ್ತನೆಯದು, ಭ್ರಷ್ಟಾಚಾರದ ಬಗೆಗಿನ ಜಿಆರ್‌ಐ 205. ಐದನೆಯದರ ಎದುರಿಗೆ ವಿಶ್ವಸಂಸ್ಥೆಯ ಒಂದು, ಎರಡು, ನಾಲ್ಕು, ಐದು. ಬಾಲಕಾರ್ಮಿಕರಿಗೆ ಜಿಆರ್‌ಐ 408, ಬಲವಂತದ ದುಡಿಮೆಗೆ 409. ಆರನೆಯದು ಪರಿಸರ, ಅದರ ಎದುರಿಗೆ ಏಳು, ಎಂಟು, ಒಂಬತ್ತು. ಕಾರ್ಮಿಕ ಸಂಘದ ಸದಸ್ಯತ್ವ ಬಿಆರ್‌ಎಸ್‌ಆರ್‌ನ ಮೂರನೇ ತತ್ವದಲ್ಲಿ ಬರುತ್ತದೆ. ಆ ಖಾನೆಗೆ ಸೊನ್ನೆ ಬರೆದೆ. ಏಳನೆಯದು ಸರ್ಕಾರದ ನೀತಿಯ ಮೇಲೆ ಪ್ರಭಾವ ಬೀರುವ ಬಗ್ಗೆ. ನಮಗೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮಲ್ಲಿ ಇದಕ್ಕೇ ಅಂತ ಒಬ್ಬರು ಇದ್ದು, ಬೈಯರ್‌ಗಳೆಲ್ಲ ಯುರೋಪಿನವರೇ ಆಗಿದ್ದರೆ ಜಿಆರ್‌ಐ ಪೂರ್ತಿ ದಾರಿಯನ್ನೇ ಹಿಡಿಯಿರಿ. ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ನನ್ನ ಹಾಗೆ ತಿಂಗಳ ಏಳನೇ ತಾರೀಖಿನವರೆಗೆ ಸಂಬಳ, ಹದಿನೈದರವರೆಗೆ ಪಿಎಫ್ ಅಂತ ಓಡಾಡುವವರಿಗೆ ಬಿಆರ್‌ಎಸ್‌ಆರ್ ಸರಿ. ಅದು ಕೇಳುವ ಅರ್ಧ ಲೆಕ್ಕ ಆಗಲೇ ನಮ್ಮ ಕಪಾಟಿನಲ್ಲಿರುತ್ತದೆ. ಈ ಸಲ ಖರ್ಚಾದದ್ದು ಹನ್ನೆರಡು ಸಾವಿರ. ಕೊನೆಯ ಸೂಚಿ ಪುಟ ತಿದ್ದಿಸಲು ಮಾತ್ರ ಹೊರಗಿನವರ ಹತ್ತಿರ ಹೋದೆ. ಮರದ ಚಿತ್ರ ಇಲ್ಲ.

ಬೈಯರ್ ಒಪ್ಪಿದರು. ಒಂದೇ ಪ್ರಶ್ನೆ ಬಂತು: ಟ್ಯಾಂಕರ್ ನೀರು ಯಾವ ಬೋರ್‌ವೆಲ್ಲಿನದು? ಟ್ಯಾಂಕರ್‌ನವನಿಗೆ ಫೋನ್ ಮಾಡಿದೆ. 'ನಾಳೆ ಹೇಳ್ತೀನಿ ಸಾರ್' ಅಂದ. ಅದಾಗಿ ಹತ್ತು ದಿನವಾಯಿತು.