ಎರಡೇ ಗಿಟಾರ್ ಕಾರ್ಡ್, ಆದರೂ ಕೈಗೆ ಸಿಗದ ಹಾಡು: ಕ್ರಿಸ್ ಸ್ಟೇಪಲ್ಟನ್ ‘ಟ್ರಾವೆಲರ್’

ಕೋಲಾರ ಚಿನ್ನದ ಗಣಿ ಊರಾದ ಕೆಜಿಎಫ್‌ನ ಹಳಬರಿಗೆ ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ ಯಾರೆಂದು ಹೇಳಬೇಕಿಲ್ಲ. ಆ ನುಣುಪು ದನಿಗೆ ಒಗ್ಗಿದ ಕಿವಿಗೆ ಅದೇ ಕಂಟ್ರಿ ಹಾಡುವ ಕ್ರಿಸ್ ಸ್ಟೇಪಲ್ಟನ್ ಗಂಟಲು ಮೊದಲ ಸಲ ಒರಟು ಅನ್ನಿಸುತ್ತದೆ. ಮೂರನೇ ಹಾಡಿನ ತನಕ ತಾಳಿಕೊಳ್ಳಿ.

‘ಟ್ರಾವೆಲರ್’ ಬಂದದ್ದು 2015ರ ಮೇ ತಿಂಗಳಲ್ಲಿ. ಅಷ್ಟು ವರ್ಷ ಬೇರೆಯವರಿಗೆ ಹಾಡು ಬರೆದುಕೊಟ್ಟವನ ಮೊದಲ ಸ್ವಂತ ಆಲ್ಬಂ. ಒಟ್ಟು 14 ಹಾಡು. ಕೋಲಾರದಲ್ಲಿ ಬಸ್ಸು ಹತ್ತಿ ಹಾಕಿದರೆ ಹೊಸಕೋಟೆ ಹತ್ತಿರ ಮುಗಿಯುತ್ತದೆ. ಬಹುಪಾಲು ರೆಕಾರ್ಡಿಂಗ್ ನ್ಯಾಶ್‌ವಿಲ್‌ನ ಆರ್‌ಸಿಎ ಸ್ಟುಡಿಯೊ ಎ ಒಳಗೆ, ಡೇವ್ ಕಾಬ್ ಉಸ್ತುವಾರಿಯಲ್ಲಿ. ವಾದ್ಯಗಳು ಬೆರಳೆಣಿಕೆಯಷ್ಟು: ಗಿಟಾರ್, ಬೇಸ್, ಡ್ರಮ್ಸ್, ಪೆಡಲ್ ಸ್ಟೀಲ್ (ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್), ಅಲ್ಲಲ್ಲಿ ಮಿಕ್ಕಿ ರಾಫೆಲ್ ಮೌತ್ ಆರ್ಗನ್. ಜೊತೆಗೂಡುವ ಮೇಲುಸ್ಥಾಯಿಯ ದನಿ ಸ್ಟೇಪಲ್ಟನ್ ಹೆಂಡತಿ ಮೋರ್ಗನ್ ಅವರದು. ತಂಬೂರಿ, ತಾಳ ಇಟ್ಟುಕೊಂಡು ಕೈವಾರ ತಾತಯ್ಯನವರ ಪದ ಹಾಡುವವರಿಗೆ ಈ ಖಾಲಿ ಜಾಗದ ಬೆಲೆ ಬೇಗ ಗೊತ್ತಾಗುತ್ತದೆ. ಕಾರಿನ ಬೇಸ್ ಬೂಸ್ಟ್ ಆರಿಸಿಬಿಡಿ, ಇಲ್ಲದಿದ್ದರೆ ಪೆಡಲ್ ಸ್ಟೀಲಿನ ಎಳೆತವೆಲ್ಲ ಅದರಡಿ ಮುಳುಗುತ್ತದೆ.

ಸಿಂಗಲ್‌ಗಳ (ಬಿಡಿಯಾಗಿ ಬಿಟ್ಟ ಹಾಡುಗಳ) ಪೈಕಿ ಶೀರ್ಷಿಕೆ ಗೀತೆ ಚೆನ್ನಾಗಿದೆ. ‘ಪ್ಯಾರಚೂಟ್’ ಓಟದ ಹಾಡು, ಅಷ್ಟೇ. ‘ನೋಬಡಿ ಟು ಬ್ಲೇಮ್’ ಮಜಾ ಬೇರೆ: ಹೆಂಡತಿ ಮದುವೆ ಫೋಟೊ ನಡುವೆ ಹರಿದು ಗಂಡನ ಅರ್ಧ ಮಾತ್ರ ಎಸೆಯುತ್ತಾಳೆ, ಅವನು ತಪ್ಪೆಲ್ಲ ತನ್ನದೇ ಅಂತ ಒಪ್ಪಿಕೊಳ್ಳುತ್ತಾನೆ.

ಆದರೆ ಗಿಟಾರ್ ಹಿಡಿದವರೆಲ್ಲ ಬಂದು ನಿಲ್ಲುವುದು ‘ಟೆನ್ನೆಸ್ಸೀ ವಿಸ್ಕಿ’ ಮುಂದೆ. ಹಾಡು ಹಳೆಯದು, 1983ರಲ್ಲಿ ಜಾರ್ಜ್ ಜೋನ್ಸ್ ಹಾಡಿದ್ದರು. 2015ರ ನವೆಂಬರಿನ ಸಿಎಂಎ (ಕಂಟ್ರಿ ಸಂಗೀತ ಸಂಘದ) ಪ್ರಶಸ್ತಿ ವೇದಿಕೆಯಲ್ಲಿ ಸ್ಟೇಪಲ್ಟನ್ ಇದನ್ನು ಪಾಪ್ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಜೊತೆ ಹಾಡಿದ ಮೇಲೆ, ಆರು ತಿಂಗಳು ಹಳೆಯ ಆಲ್ಬಂ ಅಮೆರಿಕದ ಆಲ್ಬಂ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ಮೊದಲ ಸ್ಥಾನಕ್ಕೇರಿತು.

ಇದಕ್ಕೆ ಬೇಕಾದದ್ದು ಎ ಮತ್ತು ಬಿ ಮೈನರ್, ಎರಡೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಬಿ ಮೈನರ್ ಒತ್ತಲು ಬೆರಳು ನೋಯುವವರು 2ನೇ ಫ್ರೆಟ್ಟಿಗೆ (ಗಿಟಾರ್ ಕತ್ತಿನ ಮೇಲಿನ ಮನೆ) ಕೇಪೋ, ಅಂದರೆ ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್, ಹಾಕಿ ಜಿ, ಎ ಮೈನರ್ ಹಿಡಿದರೆ ಅದೇ ಶ್ರುತಿ ಬರುತ್ತದೆ. ಗಂಟಲಿಗೆ ಅದೂ ಎತ್ತರವಾದರೆ ಕೇಪೋ ತೆಗೆದುಬಿಡಿ, ಹಿಡಿತ ಅದೇ ಇರಲಿ.

ಎಡವಟ್ಟಾಗುವುದು ಕಾರ್ಡಿನಲ್ಲಲ್ಲ, ನಡೆಯಲ್ಲಿ. ಇದು ನೇರ ನಾಲ್ಕರ ಏಟಲ್ಲ, ಒಂದೊಂದು ಏಟಿನೊಳಗೂ ಮೂರು: ತಕಿಟ ತಕಿಟ ತಕಿಟ ತಕಿಟ. ವೇಗ ನಿಮಿಷಕ್ಕೆ 50 ಏಟಿನ ಆಸುಪಾಸು. ಇಷ್ಟು ನಿಧಾನದಲ್ಲಿ ಕೈ ತಾನಾಗಿ ಮುಂದೆ ಓಡುತ್ತದೆ, ಡ್ರಮ್ಮರ್ ಖಾಲಿ ಕಂಡಲ್ಲೆಲ್ಲ ರೋಲ್ ತುರುಕುತ್ತಾನೆ, ಎರಡನೇ ಚರಣಕ್ಕೆ ಹಾಡು ಮೆರವಣಿಗೆ ಹೊರಡುತ್ತದೆ. ಎರಡು ಮತ್ತು ನಾಲ್ಕನೇ ಏಟಿಗೆ ಸ್ನೇರ್ ಬಿದ್ದರೆ ಸಾಕು.

ಹಾಡುವವರಿಗೆ ಗಂಡಾಂತರ ಮೊದಲ ಸಾಲಿನ ಕೊನೆಯ ಪದದಲ್ಲೇ ಇದೆ. ಅಲ್ಲಿನ ಬಿರ್ಕಾವನ್ನು (ಸ್ವರಗಳ ವೇಗದ ಓಟವನ್ನು) ಗಂಟಲು ಬಿಗಿದು ನಕಲು ಮಾಡಲು ಹೋದರೆ ದನಿ ಒಡೆಯುತ್ತದೆ. ಮೊದಲು ‘ಅ’ಕಾರದಲ್ಲಿ, ಅರ್ಧ ವೇಗದಲ್ಲಿ ಸ್ವರಗಳನ್ನು ಬಿಡಿಬಿಡಿಯಾಗಿ ಕೂರಿಸಿಕೊಂಡು, ಆಮೇಲೆ ಪದ ಸೇರಿಸಿ.

ಒಬ್ಬರೇ ಅಭ್ಯಾಸ ಮಾಡುವವರಿಗೆ ‘ವಿಸ್ಕಿ ಆ್ಯಂಡ್ ಯೂ’ ಒಳ್ಳೆಯದು. ಒಂದು ಗಿಟಾರ್, ಒಂದು ದನಿ, ಬೇರೇನೂ ಇಲ್ಲ. ಆಲ್ಬಮ್ಮಿನ ಕೊರತೆ ನಡುಭಾಗ: ನಿಧಾನದ ಹಾಡುಗಳು ಸಾಲಾಗಿ ಬಂದು ಒಂದೆರಡು ಕಡೆ ತೂಕಡಿಕೆ ತರಿಸುತ್ತವೆ. ಕೊನೆಯ ‘ಸಮ್‌ಟೈಮ್ಸ್ ಐ ಕ್ರೈ’ ಸ್ಟುಡಿಯೊದಲ್ಲಿ ಕೇಳುಗರನ್ನು ಕೂರಿಸಿಕೊಂಡು ನೇರವಾಗಿ ಹಾಡಿದ್ದು. ಇಯರ್‌ಫೋನ್ ಹಾಕಿಕೊಂಡಿದ್ದರೆ ಅದಕ್ಕೆ ಮೊದಲೇ ವಾಲ್ಯೂಮ್ ಎರಡು ಗೆರೆ ಇಳಿಸಿ.